ಕೊತ್ತಿಯ ಮೇಲೆ ಇಳಿಯದ ಕೋಪ



ಈ ಊರಿಗೆ ಬರುವುದೆಂದರೆ ನನಗೆ ತವರಿಗೆ ಬಂದ ಹಾಗೆ. ನಮ್ಮ ಅಜ್ಜಿ ಕೊನೆಯವರೆಗೂ ನರಸಿಂಹರಾಜಪುರ ಎನ್ನಲಿಲ್ಲ, ಎಡೇಹಳ್ಳಿ ಎಂದೇ ಅಂದರು. ಊರಿಗೆ ಮೈಸೂರಿನ ಯುವರಾಜರ ಹೆಸರು ಇಟ್ಟದ್ದು 1915ರಲ್ಲಿ. ಹೊಸ ಹೆಸರು ಬಂದು ಅರ್ಧ ಶತಮಾನ ಕಳೆದಿದ್ದರೂ ಅವರ ಬಾಯಲ್ಲಿ ಹಳೆಯದೇ ಉಳಿದಿತ್ತು. ಈ ಊರಿನ ಸಂತೆ, ಸಿಂಹನಗದ್ದೆಯ ಬಸದಿ, ಭದ್ರೆಯ ಹಿನ್ನೀರು ಎಲ್ಲ ನನಗೆ ಪಾಠ ಕಲಿಯುವ ಮುಂಚಿನ ಪರಿಚಯ.

ಈ ಎರಡು ದಿನದ ಸಭೆಗೆ ಸಂಘಟಕರು ಕೊಟ್ಟ ವಿಷಯ: ಕೆಟ್ಟ ದಿನವೊಂದನ್ನು ಕಳೆದ ಮೇಲೂ ಎದುರಿಗಿರುವವರ ಜೊತೆ ಒಳ್ಳೆಯ ಮನಸ್ಸಿನಿಂದ ಇರುವುದು ಹೇಗೆ. ಬಹಳ ವರ್ಷದಿಂದ ನನ್ನೊಳಗಿರುವ ತಕರಾರು ಆ ಕೊನೆಯ ಪದದ ಮೇಲೆ, "ಹೇಗೆ" ಎಂಬುದರ ಮೇಲೆ. ನಮ್ಮ ಮನಶ್ಶಾಸ್ತ್ರ "ಏನು" ಎಂದು ಕೇಳಿ ಮುಗಿಸುವ ಮುಂಚೆಯೇ "ಹೇಗೆ"ಗೆ ಹಾರಿಬಿಟ್ಟಿತು ಎಂಬುದು ನನ್ನ ನಂಬಿಕೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಈ ಗಾದೆ ಗೊತ್ತಿಲ್ಲದವರು ಈ ಸಭಾಂಗಣದಲ್ಲಿ ಯಾರೂ ಇಲ್ಲ. 1939ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಡೊಲ್ಲಾರ್ಡ್ ಮತ್ತು ಸಂಗಡಿಗರು ಹತಾಶೆಗೂ ಆಕ್ರಮಣಕ್ಕೂ ಇರುವ ನಂಟಿನ ಬಗ್ಗೆ ಪುಸ್ತಕ ಬರೆದರು. ನೋವು ಕೊಟ್ಟವರ ಮೇಲೆ ಕೈಯೆತ್ತಲಾಗದಿದ್ದಾಗ ಸಿಟ್ಟು ದಾರಿ ಬದಲಿಸಿ, ತಿರುಗಿ ಬೀಳಲಾರದವರ ಮೇಲೆ ಬೀಳುತ್ತದೆ ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ನಮ್ಮ ಗಾದೆ ಅದನ್ನು ಐದೇ ಪದಗಳಲ್ಲಿ ಹೇಳಿತ್ತು. ಅಲ್ಲಿಂದೀಚೆಗೆ ಎಷ್ಟೋ ಪ್ರಯೋಗಗಳಾಗಿವೆ. ಸಿಟ್ಟು ಕೆಳಗೆ ಹರಿಯುವ ದಾರಿಯನ್ನು ನಾವು ಚೆನ್ನಾಗಿಯೇ ಅಳೆದಿದ್ದೇವೆ. ಆದರೆ ಅತ್ತೆಯ ಮೇಲೆ ಕೋಪ ಬಂದ ದಿನವೂ ಕೊತ್ತಿ ಬಚ್ಚಲೊಲೆಯ ಪಕ್ಕ ನಿಶ್ಚಿಂತೆಯಿಂದ ಮಲಗಿದ್ದ ಮನೆಗಳಿದ್ದವು. ಆ ಮನೆಗಳಿಗೆ ನಮ್ಮ ಶಾಸ್ತ್ರ ಹೋಗಲೇ ಇಲ್ಲ. ಕೋಪ ಹರಿದ ದಾರಿಯ ನಕ್ಷೆ ನಮ್ಮಲ್ಲಿದೆ, ಅದು ನಿಂತ ಜಾಗದ ನಕ್ಷೆ ಇಲ್ಲ.

ಈ ವಿಷಯದಲ್ಲಿ ಕೆಲಸ ಮಾಡಿದವರನ್ನು ನೆನೆಯಬೇಕು. ಸೇವೆಯ ಕೆಲಸದಲ್ಲಿ ನಗುವೂ ಸಂಬಳದ ಭಾಗವಾಗಿಬಿಡುತ್ತದೆ ಎಂದು 1983ರಲ್ಲಿ ವಿಮಾನದ ಗಗನಸಖಿಯರನ್ನು ನೋಡಿ ಬರೆದ ಆರ್ಲಿ ಹಾಕ್‌ಶೀಲ್ಡ್ ಅವರ ಬಗ್ಗೆ ನಾಳೆ ಮಂಗಳೂರಿನ ನಮ್ಮ ಗೆಳತಿ ವಿವರವಾಗಿ ಹೇಳಲಿದ್ದಾರೆ. ಶಿಕ್ಷಕರ ದಣಿವಿನ ಬಗ್ಗೆ ಮುಂದಿನ ಸಾಲಿನಲ್ಲಿರುವ ಶಿವಮೊಗ್ಗದ ಪ್ರಾಧ್ಯಾಪಕರಿಗಿಂತ ಹೆಚ್ಚು ತಿಳಿದವರು ಇಲ್ಲಿಲ್ಲ. ಕನ್ನಡದಲ್ಲಿ ಡಾ. ಎಂ. ಶಿವರಾಂ ಇದ್ದರು. 1942ರಲ್ಲಿ 'ಕೊರವಂಜಿ' ಶುರುಮಾಡಿ ನಾಡನ್ನು ನಗಿಸಿದ ಅದೇ ವೈದ್ಯರು ಮನಸ್ಸಿನ ಕಾಯಿಲೆಗಳ ಬಗ್ಗೆ 'ಮನಮಂಥನ' ಬರೆದರು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ನಗುವೂ ನೋವೂ ಒಬ್ಬರೇ ವೈದ್ಯರ ಕೈಯಲ್ಲಿದ್ದ ಆ ಕಾಲವನ್ನು ನಾನು ಗೌರವದಿಂದ ನೆನೆಯುತ್ತೇನೆ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಓದಿ ಆಸ್ಪತ್ರೆಗೆ ಬಂದವರನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಮಾನಸಿಕ ಆರೋಗ್ಯದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು, ಮಾತ್ರೆ ಹಳ್ಳಿಗೆ ಬಂತು. ಅದು ಸಣ್ಣ ಸಾಧನೆಯಲ್ಲ. ಆದರೆ ಮಾತ್ರೆ ಕೊಂಡುಹೋದ ನಾವು ಹಳ್ಳಿಗೆ ಏನು ಗೊತ್ತಿತ್ತು ಎಂದು ಕೇಳಿಕೊಂಡು ಬರಲಿಲ್ಲ. ನಾನೂ ಕೇಳಲಿಲ್ಲ.

ಒಂದು ದಿನದ ವಿಷಯ ಹೇಳಬೇಕು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಊರು ಬೇರೆ. ಬೆಳಿಗ್ಗೆ ಮೇಲಿನವರು ಎಲ್ಲರೆದುರು ನನ್ನನ್ನು ಬೈದಿದ್ದರು, ತಪ್ಪು ನನ್ನದಾಗಿರಲಿಲ್ಲ. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ನಾಲ್ಕೂವರೆಗೆ, ಬಾಗಿಲು ಹಾಕುವ ಹೊತ್ತಿಗೆ, ಒಬ್ಬ ಹೆಂಗಸು ಹದಿನೆಂಟರ ಮಗನನ್ನು ಕರೆದುಕೊಂಡು ಬಂದರು. ಮಾತ್ರೆ ಮುಗಿದು ಎರಡು ದಿನವಾಗಿತ್ತು. ಬಸ್ಸು ಕೆಟ್ಟು ಅರ್ಧ ದಾರಿ ನಡೆದಿದ್ದರು, ಸೆರಗಿನ ತುದಿಯೆಲ್ಲ ಕೆಂಪು ಮಣ್ಣು. "ಸೋಮವಾರ ಬನ್ನಿ" ಅಂದೆ. ದನಿ ಎತ್ತರಿಸಿ ಅಂದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಮಗನ ಕೈ ಹಿಡಿದುಕೊಂಡು ಹೊರಟುಹೋದರು.

ಸೋಮವಾರ ಮತ್ತೆ ಬಂದರು. ನಾನು ಚೀಟಿ ಬರೆಯುತ್ತಿದ್ದಾಗ ಮೆಲ್ಲಗೆ ಹೇಳಿದರು: "ಅಮ್ಮಾ, ಅವತ್ತು ನಿಮಗೂ ಏನೋ ಬೇಜಾರಿತ್ತು ಕಾಣ್ತದೆ. ಊಟ ಮಾಡಿದ ಮುಖ ಅಲ್ಲ ಅದು."

ಆವತ್ತು ನಮ್ಮಿಬ್ಬರಲ್ಲಿ ಯಾರ ದಿನ ಹೆಚ್ಚು ಕೆಟ್ಟದಾಗಿತ್ತು? ಪದವಿ ಇದ್ದದ್ದು ನನಗೆ, ತರಬೇತಿ ಆಗಿದ್ದದ್ದು ನನಗೆ. ನನ್ನ ಸಿಟ್ಟು ಅವರ ಮೇಲೆ ಇಳಿಯಿತು. ಅವರ ಸಿಟ್ಟು ಯಾರ ಮೇಲೂ, ಆ ಮಗನ ಮೇಲೂ ಇಳಿಯಲಿಲ್ಲ. ಅದು ಎಲ್ಲಿಗೆ ಹೋಯಿತು? ನನ್ನ ಇಡೀ ವೃತ್ತಿಜೀವನ ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಸಿಟ್ಟನ್ನು ಒಳಗೆ ಅದುಮಿಟ್ಟುಕೊಂಡರು ಎಂಬುದು ಸುಲಭದ ಉತ್ತರ. ಕುದಿಯುವ ಹಂಡೆಗೆ ಮುಚ್ಚಳ ಹಾಕಿದರೆ ಒಂದಲ್ಲ ಒಂದು ದಿನ ಉಕ್ಕಲೇಬೇಕು, ಆದ್ದರಿಂದ ಸಿಟ್ಟನ್ನು ಹೊರಹಾಕಿ, ದಿಂಬಿಗಾದರೂ ಗುದ್ದಿ ಎಂದು ನಾವೇ ಸಲಹೆ ಕೊಡುತ್ತಿದ್ದೆವು. ಗುದ್ದುಚೀಲಕ್ಕೆ ಗುದ್ದಿಸಿ ನೋಡಿದ ಬ್ರ್ಯಾಡ್ ಬುಷ್‌ಮನ್ ಅವರ 2002ರ ಪ್ರಯೋಗ ಬೇರೆಯದನ್ನೇ ತೋರಿಸಿತು: ಸಿಟ್ಟು ತರಿಸಿದವರನ್ನು ನೆನೆಯುತ್ತಾ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು, ಏನೂ ಮಾಡದೆ ಸುಮ್ಮನೆ ಕೂತವರೇ ಹೆಚ್ಚು ಶಾಂತರಾಗಿದ್ದರು. ಮನಸ್ಸು ಹಂಡೆಯಲ್ಲ.

ಸುಮ್ಮನೆ ಕೂರುವುದು ಎಂದಾಗ ರೆನಾ ರೆಪೆಟ್ಟಿ ನೆನಪಾಗುತ್ತಾರೆ. 1989ರಲ್ಲಿ ಅವರು ವಿಮಾನ ಸಂಚಾರ ನಿಯಂತ್ರಕರನ್ನು ದಿನದಿನವೂ ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲಸ ಬಹಳ ಭಾರವಾದ ದಿನ ಆ ನಿಯಂತ್ರಕರು ಮನೆಗೆ ಬಂದು ಮಾತು ಕಡಿಮೆ ಮಾಡಿಬಿಡುತ್ತಿದ್ದರು. ಮನೆಯವರ ಆಸರೆ ಇದ್ದ ಕಡೆ ಆ ಮೌನ ಹೆಚ್ಚು, ಸಿಡುಕು ಕಡಿಮೆ. ಇದನ್ನು ಓದಿದಾಗ ನನಗೆ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬಂತು. ಸಂತೆಯಿಂದಲೋ ಕೋರ್ಟಿನಿಂದಲೋ ಅಡಿಕೆ ಮಂಡಿಯಿಂದಲೋ ಬಂದವರು ನೇರ ಒಳಗೆ ಬರುತ್ತಿರಲಿಲ್ಲ. ಅಂಗಳದಲ್ಲಿ ಕಾಲು ತೊಳೆಯಬೇಕು, ಜಗಲಿಯಲ್ಲಿ ಕೂರಬೇಕು. ಆಸರಿಗೆ ಬೇಕಾ ಎಂದು ಕೇಳಿ ಬೆಲ್ಲ, ನೀರು ಕೊಡುತ್ತಿದ್ದರು. ಹೋದ ಕೆಲಸ ಏನಾಯಿತು ಎಂದು ಆಗಲೇ ಯಾರೂ ಕೇಳುತ್ತಿರಲಿಲ್ಲ. ಅದು ಬಚ್ಚಲ ಹಂಡೆಯ ಬಿಸಿನೀರು ಮೈಮೇಲೆ ಬಿದ್ದ ನಂತರದ ಮಾತು. ಹೊರಗಿನ ದಿನಕ್ಕೂ ಒಳಗಿನ ಮಕ್ಕಳಿಗೂ ನಡುವೆ ಅರ್ಧ ಗಂಟೆಯ ಜಾಗ ಇತ್ತು. ಅಂಥದೇ ಬಿಡುವಾಗಿ ಜೈನರಲ್ಲಿ ಪ್ರತಿಕ್ರಮಣವಿದೆ: ದಿನ ಮುಗಿಯುವಾಗ ಹಿಂದಿರುಗಿ ನೋಡಿ, ಆ ದಿನ ತನ್ನಿಂದ ನೊಂದ ಜೀವಿಗಳಲ್ಲೆಲ್ಲ ಕ್ಷಮೆ ಕೇಳುವುದು. ಇಲ್ಲೇ ಸಿಂಹನಗದ್ದೆಯಲ್ಲಿ ಅದು ಉಪನ್ಯಾಸದ ವಿಷಯವಲ್ಲ, ಸಂಜೆಯ ರೂಢಿ.

ನಮ್ಮ ಶಾಸ್ತ್ರ ಎಡವಿದ್ದು ಇಲ್ಲಿ ಎಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಒಳ್ಳೆಯತನವನ್ನು ನಾವು ಒಬ್ಬೊಬ್ಬರ ತಲೆಯೊಳಗಿನ ಕೌಶಲ್ಯ ಎಂದುಕೊಂಡೆವು. ನರ್ಸ್ ಸಿಡುಕಿದರೆ ನರ್ಸಿಗೆ ಕಾರ್ಯಾಗಾರ, ಮೇಷ್ಟ್ರು ಹೊಡೆದರೆ ಮೇಷ್ಟ್ರಿಗೆ ಕಾರ್ಯಾಗಾರ. ಅವರಿಗೆ ಕೂರಲು ಒಂದು ಜಗಲಿ ಇದೆಯೇ ಎಂದು ಕೇಳಲಿಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಇಲ್ಲಿನ ಆಶಾ ಕಾರ್ಯಕರ್ತೆ ಮನೆಮನೆಗೆ, ಉಣುಗು ಕಡಿಯದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹೊತ್ತು ಹೋಗುತ್ತಾಳೆ. ಹಚ್ಚಿಕೊಳ್ಳಿ ಎಂದರೆ ಮನೆಯವರು ಬೈಯುತ್ತಾರೆ, ಹಚ್ಚಿಸಲಿಲ್ಲ ಎಂದು ಮೇಲಿನವರು ಬೈಯುತ್ತಾರೆ, ಕತ್ತಲಾದ ಮೇಲೆ ಮನೆಗೆ ಹೋದರೆ ಅಡಿಗೆ ಇನ್ನೂ ಆಗಿರುವುದಿಲ್ಲ. ಅವಳ ಅರ್ಧ ಗಂಟೆ ಎಲ್ಲಿದೆ?

ಕೊಪ್ಪದ ಸಹಕಾರ ಸಾರಿಗೆಯನ್ನೂ ಇಲ್ಲಿ ನೆನೆಯಬೇಕು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿಕೊಂಡ ಬಸ್ಸುಗಳು, 2020ರಲ್ಲಿ ನಿಂತುಹೋದವು. ಅದರ ಕಂಡಕ್ಟರುಗಳ ಜೊತೆ ಮಾತಾಡುವಾಗಲೆಲ್ಲ ನನಗೆ ಒಂದು ಅನುಮಾನ ಬರುತ್ತಿತ್ತು: ಬಸ್ಸು ತಮ್ಮದೇ ಎಂಬುದಕ್ಕೂ, ಓಡಿ ಬರುತ್ತಿರುವ ಅಜ್ಜಿಗಾಗಿ ಇವರು ಸೀಟಿ ಊದದೆ ಕಾಯುವುದಕ್ಕೂ ನಂಟಿದೆಯೇ? ಮೇಲಿನಿಂದ ಬೀಳುವುದು ಕಡಿಮೆಯಾದರೆ ಕೆಳಗೆ ಇಳಿಯುವುದೂ ಕಡಿಮೆಯೇ? ಆ ಬಸ್ಸುಗಳು ಓಡುತ್ತಿದ್ದಾಗಲೇ ಯಾರಾದರೂ ಕೂತು ಇದನ್ನು ಅಧ್ಯಯನ ಮಾಡಬೇಕಿತ್ತು. ಈ ಅವಕಾಶ ಕೈತಪ್ಪಿದ್ದು ನನಗೆ ಇವತ್ತಿಗೂ ಸಂಕಟದ ವಿಷಯ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ವಾದ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೆ ಅದನ್ನು ಅಲ್ಲಾಡಿಸುವವನೊಬ್ಬ ಇದೇ ಸೀಮೆಯಲ್ಲಿದ್ದಾನೆ. ಕುವೆಂಪು ಹುಟ್ಟಿದ್ದು ಇಲ್ಲಿಗೆ ಹತ್ತಿರದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿಯನ್ನು ನೆನೆಯಿರಿ. ಜೀತದಾಳು. ಒಡೆಯರ ಮನೆಯ ಜಗಲಿ ಹತ್ತುವ ಹಕ್ಕಿಲ್ಲದವನು. ಅವನ ದಿನಗಳಲ್ಲಿ ಒಳ್ಳೆಯ ದಿನ ಯಾವುದು, ಕೆಟ್ಟ ದಿನ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಗಾದೆಯ ಪ್ರಕಾರ, ಡೊಲ್ಲಾರ್ಡರ ಪ್ರಕಾರ, ಅದೆಲ್ಲ ಇಳಿಯಬೇಕಾದದ್ದು ಅವನಿಗಿಂತ ಕೆಳಗಿದ್ದ ಒಂದೇ ಜೀವದ ಮೇಲೆ, ಅವನ ನಾಯಿ ಹುಲಿಯನ ಮೇಲೆ. ಆಗುವುದು ಅದರ ತದ್ವಿರುದ್ಧ. ಊರವರು ಅವನನ್ನು ನಾಯಿಗುತ್ತಿ ಎಂದೇ ಕರೆಯುವಷ್ಟು ಮಮತೆ ಅದರ ಮೇಲೆ ಅವನಿಗೆ. ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳನ್ನು ನಾನು ಎರಡನೆಯ ಸಲ ಓದಲಾರೆ.

ಕಾದಂಬರಿಯ ಪಾತ್ರ ಪುರಾವೆಯಾಗುವುದಿಲ್ಲ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಸರಿ, ಮಣ್ಣು ಮೆತ್ತಿದ ಸೆರಗಿನ ಆ ತಾಯಿ ಪಾತ್ರವಲ್ಲ. ಆಕೆಗೂ ಜಗಲಿ ಇರಲಿಲ್ಲ. ಇನ್ನೂ ಹತ್ತಿರಕ್ಕೆ ಬಂದರೆ ನನ್ನ ಅಮ್ಮನಿಗೂ ಇರಲಿಲ್ಲ. ಜಗಲಿಯ ಮೇಲೆ ಕೂತು ಬೆಲ್ಲ, ನೀರು ಕುಡಿದವರು ಗಂಡಸರು, ತಂದುಕೊಟ್ಟವರು ಅಮ್ಮ. ಅಪ್ಪನ ಅರ್ಧ ಗಂಟೆಯ ಮೌನಕ್ಕೆ ಒಲೆಯ ಮುಂದಿನ ಅವರ ಬೆನ್ನು ಬೆಲೆ ಕೊಟ್ಟಿತ್ತು. ಜಗಲಿಯನ್ನು ಹೊಗಳುತ್ತಾ ವರ್ಷಗಟ್ಟಲೆ ಭಾಷಣ ಮಾಡಿದ ನಾನು ಇದನ್ನು ಕಾಣಲು ಬಹಳ ತಡಮಾಡಿದೆ.

ಅಜ್ಜಿಯ ಮಾತು ಖಾರ. ಒಂದು ಸಂಜೆ ಮಜ್ಜಿಗೆಯ ಪಾತ್ರೆಯ ವಿಷಯಕ್ಕೆ ನೆಂಟರೆದುರೇ ಅಮ್ಮನನ್ನು ಅಳುವ ಹಾಗೆ ಅಂದರು. ಅಮ್ಮ ಸೀದಾ ಬಚ್ಚಲಿಗೆ ಹೋದರು. ಒಲೆಯ ಬಾಯಲ್ಲಿ ಬೂದಿಯ ಬಿಸಿಗೆ ಕೊತ್ತಿ ಮಲಗಿತ್ತು. ಕಟ್ಟಿಗೆ ಒಟ್ಟಲು ಅದು ಅಡ್ಡ. ನಾನು ಬಾಗಿಲ ಹಿಂದೆ ನಿಂತಿದ್ದೆ, ಒದೆ ಬಿತ್ತು ಎಂದುಕೊಂಡೆ. ಅಮ್ಮ ಬಗ್ಗಿ, ಎರಡೂ ಕೈಯಲ್ಲಿ ಅದನ್ನು ಎತ್ತಿ ಪಕ್ಕದ ಗೋಣಿಯ ಮೇಲೆ ಮಲಗಿಸಿ, ಕಟ್ಟಿಗೆ ಒಟ್ಟಿದರು. ಎಷ್ಟೋ ವರ್ಷದ ಮೇಲೆ, ನಾನು ಈ ಶಾಸ್ತ್ರದಲ್ಲಿ ಹೆಸರು ಮಾಡಿದ ಮೇಲೆ, ಅವತ್ತು ಕೊತ್ತಿಯ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದೇನ್ ಮಾಡಿತ್ತು ಪಾಪ?" ಅಂದರು.

ಸಹೋದ್ಯೋಗಿಗಳೇ, ಈ ಮಾತಿಗೆ ನಮ್ಮ ಪರಿಭಾಷೆಯಲ್ಲಿ ಹೆಸರಿಲ್ಲ. ಇದು ಸಂಯಮವಲ್ಲ, ಅವರು ಏನನ್ನೂ ತಡೆಹಿಡಿದ ಹಾಗೆ ಕಾಣಲಿಲ್ಲ. ನಗುಮುಖದ ಅಭ್ಯಾಸವೂ ಅಲ್ಲ, ಅವರು ಅಳುತ್ತಿದ್ದರು. ಕೋಪ ಅತ್ತೆಯದು, ಕೊತ್ತಿ ಬೇರೆ ಎಂದು ಅಷ್ಟು ನೋವಿನ ನಡುವೆಯೂ ಅವರ ಕಣ್ಣಿಗೆ ಕಂಡಿತ್ತು. ಆ ಕಣ್ಣು ಎಲ್ಲಿಂದ ಬರುತ್ತದೆ? ತಾನೇ ಪೆಟ್ಟು ತಿಂದವರಿಗೆ ಬರುತ್ತದೆ ಎನ್ನೋಣವೆಂದರೆ ಪೆಟ್ಟು ತಿಂದು ಪೆಟ್ಟು ಕೊಡುವವರನ್ನೂ ಅಷ್ಟೇ ನೋಡಿದ್ದೇನೆ. ನನ್ನ ಅಜ್ಜಿಯೂ ಒಂದು ಕಾಲದಲ್ಲಿ ಸೊಸೆಯಾಗಿದ್ದವರೇ. ಒಂದೇ ಮನೆ, ಒಂದೇ ಒಲೆ, ಒಬ್ಬರಲ್ಲಿ ಹರಿದದ್ದು ಇನ್ನೊಬ್ಬರಲ್ಲಿ ನಿಂತಿತು. ಜಗಲಿಯ ವಾದ ಇದನ್ನು ವಿವರಿಸುವುದಿಲ್ಲ. ಆದರೂ ಅದನ್ನು ನಾನು ಬಿಡುವುದಿಲ್ಲ. ಅಮ್ಮನಂಥವರು ಇದ್ದಾರೆ ಎಂಬ ಕಾರಣಕ್ಕೆ ಆಶಾ ಕಾರ್ಯಕರ್ತೆಗೆ ಜಗಲಿ ಬೇಡ ಎನ್ನುವುದು ದೊಡ್ಡ ಅನ್ಯಾಯವಾಗುತ್ತದೆ.

ಈ ಎರಡು ದಿನ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಗುಂಪು ಚರ್ಚೆಯಲ್ಲಿ ನೀವು ಸಿಡುಕಿದ ದಿನಗಳನ್ನು ಬರೆಯಬೇಡಿ, ಅವು ನಮ್ಮ ಹತ್ತಿರ ಬೇಕಾದಷ್ಟಿವೆ. ಸಿಡುಕಬಹುದಾಗಿದ್ದೂ ಸಿಡುಕದೆ ಉಳಿದ ಒಂದು ದಿನವನ್ನು ಬರೆಯಿರಿ. ಎದುರಿಗೆ ಯಾರಿದ್ದರು, ಅವರ ಮುಖದಲ್ಲಿ ಏನು ಕಂಡಿತು, ಕೈ ಏನು ಮಾಡುತ್ತಿತ್ತು, ಅಷ್ಟನ್ನೇ. ವಿವರಣೆ ನಾವು ಆಮೇಲೆ ಹುಡುಕೋಣ.

ಮೊದಲ ಗೋಷ್ಠಿಯಲ್ಲಿ ಮಾತಾಡಲಿರುವ ಇಬ್ಬರು ಆಶಾ ಕಾರ್ಯಕರ್ತೆಯರು ನಿನ್ನೆ ರಾತ್ರಿ ಎಂಟರವರೆಗೂ ಮನೆ ಭೇಟಿಯಲ್ಲಿದ್ದು, ಬೆಳಿಗ್ಗೆ ಅಡಿಗೆ ಮುಗಿಸಿ ಮೊದಲ ಬಸ್ಸಿಗೆ ಬಂದಿದ್ದಾರೆ ಎಂದು ಸಂಘಟಕರು ಹೇಳಿದರು. ಅವರನ್ನು ಈಗಲೇ ವೇದಿಕೆಗೆ ಕರೆಯಬೇಡಿ. ಹತ್ತು ನಿಮಿಷ ಹೊರಗಿನ ಕಟ್ಟೆಯ ಮೇಲೆ ಕೂರಲಿ. ಬೆಲ್ಲ, ನೀರನ್ನು ಈ ಸಲ ಬೇರೆ ಯಾರಾದರೂ ತಂದುಕೊಡಿ. ನಾನು ಬರುತ್ತೇನೆ.