ಉತ್ತರನ ರಥ, ಕುಳ್ಳನ ಸೊನ್ನೆ: ಎರಡನೇ ದರ್ಜೆಯ ವೀರರ ಹಾಸ್ಯಕ್ಕೆ ಮೂಲ ಯಾವುದು?

ಈ ಉಪನ್ಯಾಸದ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಗ್ರಂಥದ ವಿದ್ಯೆಗೆ ಕೊಟ್ಟ ಮರ್ಯಾದೆಯನ್ನೇ ಬಯಲಾಟದ ಅಟ್ಟಕ್ಕೂ ಕೊಟ್ಟವರು. ಅವರ ನೆನಪಿನ ಉಪನ್ಯಾಸಕ್ಕೆ ಸಿನಿಮಾ ಹಾಸ್ಯದಂಥ ವಿಷಯವನ್ನು ಆರಿಸಿಕೊಳ್ಳಲು ಧೈರ್ಯ ಬಂದದ್ದು ಅದರಿಂದಲೇ. ನನ್ನ ವಿಷಯ, ವೀರನಾಗಲು ಹೊರಟು ವೀರನಾಗಲಾರದವನನ್ನು ನಡುವೆ ನಿಲ್ಲಿಸಿ ನಗಿಸುವ ಚಿತ್ರಗಳು. ಕನ್ನಡದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ 1972ರ ‘ಕುಳ್ಳ ಏಜೆಂಟ್ 000’. ಕೆ.ಎಸ್.ಎಲ್. ಸ್ವಾಮಿ ನಿರ್ದೇಶಿಸಿ ದ್ವಾರಕೀಶ್ ನಾಯಕನಾಗಿ ನಟಿಸಿದ ಈ ಚಿತ್ರವನ್ನು ಬಹುಮಂದಿ ಇಂದು ನೆನೆಯುವುದು ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಒಂದೇ ಹಾಡಿಗಾಗಿ. ಹಾಡಿನ ಕೀರ್ತಿ ಚಿತ್ರವನ್ನೇ ಮುಚ್ಚಿಬಿಟ್ಟಿದೆ ಎಂಬ ಕೊರಗು ನನ್ನದು.

ಹಿನ್ನೆಲೆಯನ್ನು ಬೇಗ ದಾಟುತ್ತೇನೆ, ಅದು ಎಲ್ಲ ಚಿತ್ರಚರಿತ್ರೆಗಳಲ್ಲೂ ಸಿಗುತ್ತದೆ. 1962ರಲ್ಲಿ ಜೇಮ್ಸ್ ಬಾಂಡ್ ಮೊದಲ ಬಾರಿಗೆ ದೊಡ್ಡ ಪರದೆಗೆ ಬಂದ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಆಕಾಶದಲ್ಲಿ ಹಾರುವ, ಮೈಗಂಟಿದ ಬಣ್ಣದ ಉಡುಪಿನ ಅತಿಮಾನವ ನಮ್ಮ ಪರದೆಗೆ ಆಗ ಬರಲಿಲ್ಲ. ಆತನ ಜಾಗದಲ್ಲಿದ್ದವನು ಸೋಲರಿಯದ, ಸಾವಿಗಂಜದ ಈ ಪತ್ತೇದಾರ. ಹಾಗಾಗಿ ಅತಿಮಾನವನ ಅಣಕ ಕನ್ನಡದಲ್ಲಿ ಪತ್ತೇದಾರನ ಅಣಕವಾಗಿಯೇ ಹುಟ್ಟಬೇಕಾಯಿತು. 007ರ ಮಾದರಿಯಲ್ಲಿ 999 ಬಂದ ನಾಲ್ಕೇ ವರ್ಷಕ್ಕೆ 000 ಬಂದ. ಇಷ್ಟರವರೆಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಈ ಸೊನ್ನೆಯವನ ವಂಶಾವಳಿಯ ಬಗ್ಗೆ, ಮತ್ತು ಈ ಹೊತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಪ್ರಚಲಿತ ಅಭಿಪ್ರಾಯ ಹೀಗಿದೆ: ಇವು ಪಶ್ಚಿಮದ ಅಣಕು ಚಿತ್ರಗಳ ಪಡಿಯಚ್ಚುಗಳು, ಮದರಾಸಿನ ಸ್ಟುಡಿಯೋಗಳಿಗೆ ಬಂದ ಗಾಳಿಯ ಫಲ. ಹೀಗೆನ್ನುವವರ ಕೈಯಲ್ಲಿ ಪುರಾವೆ ಇಲ್ಲದೆ ಇಲ್ಲ. ‘ಅವರ್ ಮ್ಯಾನ್ ಫ್ಲಿಂಟ್’ 1966ರದು, ಬಾಂಡನನ್ನೇ ಗೇಲಿ ಮಾಡಿದ ‘ಕ್ಯಾಸಿನೋ ರಾಯಲ್’ 1967ರದು. ‘ದಿ ಪಿಂಕ್ ಪ್ಯಾಂಥರ್’ನ ಇನ್‌ಸ್ಪೆಕ್ಟರ್ ಕ್ಲೂಸೋ 1963ರಿಂದಲೇ ಎಡವಿ ಬೀಳುತ್ತಿದ್ದಾನೆ. ಕಾಲದ ಲೆಕ್ಕದಲ್ಲಿ ಎಲ್ಲವೂ ಕುಳ್ಳನಿಗಿಂತ ಹಿರಿಯವು. ಆದರೆ ಮೊದಲು ಬಂದದ್ದೆಲ್ಲ ಮೂಲವಾಗುವುದಿಲ್ಲ, ನಗೆಯ ರಚನೆಯೂ ಹೊಂದಬೇಕು. ಫ್ಲಿಂಟ್ ಬಾಂಡನಿಗಿಂತ ಹೆಚ್ಚು ಬಲ್ಲವನು. ಅಲ್ಲಿ ನಗೆ ಉಕ್ಕುವುದು ಪರಾಕ್ರಮವನ್ನು ಇನ್ನಷ್ಟು ಉಬ್ಬಿಸುವುದರಿಂದ. ‘ಕ್ಯಾಸಿನೋ ರಾಯಲ್’ ಒಬ್ಬ ಬಾಂಡನ ಬದಲು ಹಲವು ಬಾಂಡರನ್ನು ನಿಲ್ಲಿಸಿ ಗೊಂದಲ ಎಬ್ಬಿಸುತ್ತದೆ. ಗಟ್ಟಿಯಾದ ಆಕ್ಷೇಪ ಉಳಿಯುವುದು ಕ್ಲೂಸೋನದು, ಏಕೆಂದರೆ ಅವನೂ ಅಸಮರ್ಥನೇ. ಆದರೆ ಕ್ಲೂಸೋಗೆ ತನ್ನ ಅಸಾಮರ್ಥ್ಯದ ಅರಿವಿಲ್ಲ, ತಾನು ಮಹಾ ಪತ್ತೇದಾರನೆಂದೇ ನಂಬಿದ್ದಾನೆ. ಪ್ರೇಕ್ಷಕನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕುಳ್ಳನ ವಿಷಯ ಬೇರೆ. ಅವನು ತನ್ನ ಕೊರತೆಯನ್ನು ಹೆಸರಲ್ಲೇ ಹೊತ್ತು ತರುತ್ತಾನೆ. ಭಿತ್ತಿಪತ್ರದಲ್ಲೇ ಎರಡು ಒಪ್ಪಿಗೆಗಳಿವೆ: ನಾನು ಗಿಡ್ಡ, ನನ್ನ ನಂಬರು ಸೊನ್ನೆ. ತನ್ನ ಅಳತೆ ಬಲ್ಲ ನಾಯಕ ಕ್ಲೂಸೋನ ಸಂತಾನವಾಗುವುದು ಹೇಗೆ?

ಕುಳ್ಳನ ಬೇರು ನಮ್ಮಲ್ಲೇ, ಬಹಳ ಹಳೆಯದಾಗಿ ಇದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಅರಿಯದ ಕನ್ನಡಿಗರಿಲ್ಲ. ಹದಿನೈದನೇ ಶತಮಾನದಲ್ಲಿ ಗದುಗಿನ ಕುಮಾರವ್ಯಾಸ ವಿರಾಟಪರ್ವದಲ್ಲಿ ಈ ರಾಜಕುಮಾರನ ಪ್ರಸಂಗವನ್ನು ಬಿಡಿಸಿಟ್ಟ ರೀತಿ ಎರಡನೇ ದರ್ಜೆಯ ವೀರನ ಹಾಸ್ಯಕ್ಕೆ ಕನ್ನಡದ ಮೂಲಪಾಠ. ಕೌರವರು ಗೋವುಗಳನ್ನು ಹೊಡೆದೊಯ್ದ ಸುದ್ದಿ ಬರುತ್ತದೆ; ಉತ್ತರ ಹೆಂಗಳೆಯರ ನಡುವೆ ಕುಳಿತು ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಮಾತಿನಲ್ಲೇ ಕೆಡವುತ್ತಾನೆ; ಕೊರತೆ ಎಂದರೆ ಸಾರಥಿಯೊಬ್ಬನೇ ಎನ್ನುತ್ತಾನೆ; ಬೃಹನ್ನಳೆ ರಥ ಹೂಡುತ್ತಾಳೆ; ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡುತ್ತಾನೆ. ಗಾದೆ ಇಲ್ಲಿಗೆ ನಿಂತುಬಿಡುತ್ತದೆ, ಕವಿ ನಿಲ್ಲುವುದಿಲ್ಲ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಬೆನ್ನಟ್ಟಿ ಹಿಡಿದು ತಂದು ಅವನ ಕೈಗೇ ಕುದುರೆಯ ವಾಘೆ ಕೊಡುತ್ತಾನೆ, ಆ ಮಹಾಯುದ್ಧದ ನಡುವೆ ರಥ ನಡೆಸಿದವನು ಇದೇ ಹೇಡಿ. ಊರಿಗೆ ಮರಳಿದ ಮೇಲೆ ತಂದೆ ವಿರಾಟ ಮಗನ ಗೆಲುವನ್ನು ಕೊಂಡಾಡುತ್ತಿರುವಾಗ ಗೆದ್ದವನು ತಾನಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳುವವನೂ ಅವನೇ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಮಡಿಯುವಾಗ ಅವನು ಓಡಿದವನಲ್ಲ, ಎದುರು ನಿಂತು ಕಾದಿದವನು. ಬಡಾಯಿ, ಭಯ, ಒಪ್ಪಿಗೆ, ಅನಂತರದ ನಿಜವಾದ ಧೈರ್ಯ: ಈ ಕ್ರಮವೇ ನಾನು ಹೇಳುತ್ತಿರುವ ರಚನೆ. ನಗೆ ಅವನನ್ನು ನೆಲಕ್ಕಿಳಿಸುತ್ತದೆ, ನೆಲದ ಮೇಲೆಯೇ ಅವನಿಗೆ ಕಾಲು ಮೂಡುತ್ತವೆ.

ಪುಸ್ತಕದಲ್ಲಿದ್ದದ್ದು ಪರದೆಗೆ ಬಂದದ್ದು ಹೇಗೆ ಎಂದು ಕೇಳಬಹುದು. ನಡುವಿನ ಸೇತುವೆ ಅಟ್ಟದ ಮೇಲಿದೆ, ಕಲಬುರಗಿ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಭಾರ ಹೊತ್ತ ವೀರ ಅಬ್ಬರಿಸುತ್ತ ರಂಗಕ್ಕೆ ಬಂದರೆ ಅವನನ್ನು ತಡೆದು ‘ತಾವು ಯಾರು, ಯಾವ ಊರು’ ಎಂದು ವಿಚಾರಿಸುವವನು ಸಾರಥಿ. ವೀರ ತನ್ನ ಬಿರುದಾವಳಿಯನ್ನು ಗ್ರಾಂಥಿಕ ಭಾಷೆಯಲ್ಲಿ ಒದರುತ್ತಾನೆ, ಸಾರಥಿ ಅದನ್ನು ಆಡುಮಾತಿಗೆ ಇಳಿಸಿ, ಬೇಕೆಂದೇ ತಪ್ಪಾಗಿ ತಿಳಿದುಕೊಂಡು, ಜನರ ಕಡೆ ತಿರುಗಿ ಹೇಳುತ್ತಾನೆ. ಕೃಷ್ಣ ಪಾರಿಜಾತದಲ್ಲಿ ದೇವರಿಗೇ ಈ ಗತಿ. ಸಾಕ್ಷಾತ್ ಕೃಷ್ಣನನ್ನೂ ದೂತಿ ಮಾತಿನಲ್ಲಿ ಕಟ್ಟಿಹಾಕುತ್ತಾಳೆ. ಇದನ್ನು ಬೇಸರ ಕಳೆಯುವ ಉಪಕಥೆಯೆಂದು ಬರೆದುಬಿಟ್ಟ ವಿದ್ವಾಂಸರಿದ್ದಾರೆ. ಅವರೊಂದಿಗೆ ನನ್ನ ಭಿನ್ನಾಭಿಪ್ರಾಯ ತೀವ್ರವಾದದ್ದು. ಉಪಕಥೆಯನ್ನು ಕಿತ್ತರೂ ಆಟ ನಡೆಯಬೇಕು, ಸಾರಥಿಯನ್ನು ಕಿತ್ತರೆ ದೊಡ್ಡಾಟ ನಡೆಯುವುದೇ ಇಲ್ಲ. ಯಾವ ವೀರನೂ ಪ್ರಶ್ನೆಗೆ ಉತ್ತರ ಕೊಡದೆ ರಂಗ ಪ್ರವೇಶಿಸುವಂತಿಲ್ಲ ಎಂಬುದು ಆ ಕಲೆಯ ಕಾನೂನು, ಹಾಸ್ಯ ಆ ಕಾನೂನಿನ ಭಾಷೆ.

ಇಲ್ಲಿ ಬಲವಾದ ಪ್ರತಿವಾದವೊಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ದ್ವಾರಕೀಶ್ ಹುಣಸೂರಿನವರು, ಚಿತ್ರೋದ್ಯಮ ಅಂದು ಮದರಾಸಿನಲ್ಲಿ. ಕಲಬುರಗಿ ಸೀಮೆಯ ಅಟ್ಟಕ್ಕೂ ಅವರಿಗೂ ಏನು ಸಂಬಂಧ? ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ದಕ್ಷಿಣದ ಮೂಡಲಪಾಯಕ್ಕೂ ತನ್ನದೇ ಹಾಸ್ಯಗಾರರಿದ್ದಾರೆ, ಪಡುವಲಪಾಯಕ್ಕೂ ಇದ್ದಾರೆ. ಅಲ್ಲಿಂದ ಕಂಪನಿ ನಾಟಕಕ್ಕೆ, ಕಂಪನಿಯಿಂದ ಸಿನಿಮಾಕ್ಕೆ ದಾರಿ ನೇರವಾಗಿದೆ. ದ್ವಾರಕೀಶರನ್ನು 1964ರ ‘ವೀರಸಂಕಲ್ಪ’ದಿಂದ ಪರದೆಗೆ ತಂದ ಸೋದರಮಾವ ಹುಣಸೂರು ಕೃಷ್ಣಮೂರ್ತಿ ರಂಗಭೂಮಿಯಿಂದ ಬಂದವರು. ರಾಜಕುಮಾರ್, ನರಸಿಂಹರಾಜು ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಆ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರೇ ‘ಸದಾರಮೆ’ಯ ಕಳ್ಳನ ಪಾತ್ರದಿಂದ ಹೆಸರಾದ ಹಾಸ್ಯನಟ. ಹಾಸ್ಯಗಾರನೇ ಮಂಡಳಿಯ ಯಜಮಾನನಾಗುವುದು ನಮ್ಮಲ್ಲಿ ವಿಚಿತ್ರವಲ್ಲ. 1969ರಲ್ಲಿ ‘ಮೇಯರ್ ಮುತ್ತಣ್ಣ’ ಚಿತ್ರಕ್ಕೆ ರಾಜಕುಮಾರ್ ಅವರನ್ನು ನಾಯಕನಾಗಿಸಿ ಹಣ ಹೂಡಿದ ದ್ವಾರಕೀಶ್ ಮೂರು ವರ್ಷದ ಮೇಲೆ 999ಕ್ಕೆ ಎದುರಾಗಿ 000 ಆದರು. ಇದರಲ್ಲಿ ಹಗೆತನವಿಲ್ಲ. ವೀರನನ್ನು ಕಟ್ಟುವ ಮಂಡಳಿಯೇ ವೀರನನ್ನು ಕೇಳುವ ಸಾರಥಿಯನ್ನೂ ಸಾಕುತ್ತದೆ. ಅಣಕ ಒಳಗಿನಿಂದ ಬರುತ್ತದೆ, ವೀರನ ಮಾನ ಕಳೆಯದೆ ಬರುತ್ತದೆ. ಇನ್ನೂ ಬೇಕಾದರೆ ಗಡಿಯಾಚೆ ನೋಡಿ. 1971ರಲ್ಲಿ, ಅಂದರೆ ಕುಳ್ಳನಿಗೆ ಒಂದೇ ವರ್ಷ ಮೊದಲು, ಮರಾಠಿಯಲ್ಲಿ ದಾದಾ ಕೋಂಡ್ಕೆ ‘ಸೋಂಗಾಡ್ಯಾ’ ಮಾಡಿದರು. ತಮಾಶಾದ ವಿದೂಷಕನ ಹೆಸರೇ ಚಿತ್ರದ ಹೆಸರು, ಕಥೆ ಲೋಕನಾಟ್ಯ ಬರೆದ ವಸಂತ ಸಬ್ನೀಸರದು. ನೆರೆಯ ಎರಡು ಭಾಷೆಗಳಲ್ಲಿ ಬೆನ್ನು ಬೆನ್ನಿಗೆ ಆಟದ ಹಾಸ್ಯಗಾರ ಸಿನಿಮಾದ ನಾಯಕನಾದದ್ದನ್ನು ಹಾಲಿವುಡ್ಡಿನ ಗಾಳಿಯಿಂದ ವಿವರಿಸಲಾಗದು. ಸೊಲ್ಲಾಪುರಕ್ಕೆ ಹೋಗಿಬಂದು ಬದುಕು ಮಾಡುವ ಆಳಂದ ಸೀಮೆಯ ಜನಕ್ಕೆ ಈ ಎರಡೂ ನಗೆ ಒಂದೇ ಮನೆಯದೆಂದು ತಿಳಿಯುತ್ತದೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ನಾನು ಹೆಚ್ಚು ಗೌರವಿಸುವುದೂ ಅದನ್ನೇ. ಕುಳ್ಳ ಎಂದು ನಗುವುದು ಮೈಕಟ್ಟಿನ ಹೀಯಾಳಿಕೆಯಲ್ಲವೇ ಎಂದು ಇಂದಿನ ಕಿರಿಯರು ಕೇಳುತ್ತಾರೆ. ಹೌದು, ನಮ್ಮ ಸಿನಿಮಾ ಹಾಸ್ಯದ ಬಹುಪಾಲು ಹಲ್ಲು, ಹೊಟ್ಟೆ, ಎತ್ತರ, ಮೈಬಣ್ಣಗಳ ಮೇಲೆ ನಡೆದ ಹಲ್ಲೆಯೇ. ಅದನ್ನು ಸಮರ್ಥಿಸುವ ಮನಸ್ಸು ನನಗಿಲ್ಲ. ಆದರೆ ಯಾರು, ಎಲ್ಲಿ ನಿಂತು ನಗಿಸುತ್ತಾರೆ ಎಂಬುದನ್ನು ಬಿಟ್ಟು ತೀರ್ಪು ಕೊಡಲಾಗದು. ನಾಯಕನ ಪಕ್ಕದಲ್ಲಿ ಪೆಟ್ಟು ತಿನ್ನಲೆಂದೇ ಇಟ್ಟ ಗಿಡ್ಡನಿಗೂ, ಚಿತ್ರದ ನಡುವೆ ನಿಂತು ಕಥೆಯನ್ನು ತಾನೇ ನಡೆಸುವ ಗಿಡ್ಡನಿಗೂ ಅಂತರ ದೊಡ್ಡದು. 1978ರ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’, 1980ರ ‘ಕುಳ್ಳ ಕುಳ್ಳಿ’, 1984ರ ‘ಪ್ರಚಂಡ ಕುಳ್ಳ’ ಹೀಗೆ ಮೇಲಿಂದ ಮೇಲೆ ಆ ಹೆಸರನ್ನು ಭಿತ್ತಿಪತ್ರದ ಮೇಲಿಟ್ಟು ದ್ವಾರಕೀಶ್ ಗೆಲುವನ್ನೂ ಸೋಲನ್ನೂ ಉಂಡರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ನಾಡು ಆ ಹೆಸರನ್ನು ನೆನೆದದ್ದು ಗೇಲಿಯಿಂದಲ್ಲ, ಅಕ್ಕರೆಯಿಂದ. ಬೈಗುಳವಾಗಬಹುದಾಗಿದ್ದ ಹೆಸರನ್ನು ಒಬ್ಬ ನಟ ತನ್ನ ಒಡೆತನಕ್ಕೆ ತೆಗೆದುಕೊಂಡ, ಇದು ಸಣ್ಣ ಕೆಲಸವಲ್ಲ.

ಹೊರಗಿನ ಎರಡು ಚಿತ್ರಗಳ ಮೇಲೆ ನನ್ನ ವಾದವನ್ನು ಒರೆಹಚ್ಚಿ ನೋಡಬಹುದು. 1999ರ ‘ಮಿಸ್ಟರಿ ಮೆನ್’ ಅಮೆರಿಕದ್ದು, ಕಿಂಕಾ ಅಶರ್ ನಿರ್ದೇಶನ. ಸಲಿಕೆ ಹಿಡಿದವನೊಬ್ಬ, ಫೋರ್ಕ್ ಎಸೆಯುವವನೊಬ್ಬ, ಸಿಟ್ಟೇ ಶಕ್ತಿಯೆಂದು ನಂಬಿದವನೊಬ್ಬ ಸೇರಿ, ಜಾಹೀರಾತುಗಳನ್ನು ಮೈಮೇಲೆ ಅಂಟಿಸಿಕೊಂಡ ಅಧಿಕೃತ ಮಹಾವೀರನ ಜಾಗ ತುಂಬಲು ಹೊರಡುತ್ತಾರೆ. ಅಂದು ಆ ಚಿತ್ರ ಹಾಕಿದ ಹಣವನ್ನೂ ಗಳಿಸಲಿಲ್ಲ. ನಮ್ಮ ಅಳತೆಗೋಲಿನಲ್ಲಿ ಅದರಲ್ಲಿ ಬಡಾಯಿಯೂ ಇದೆ, ಕೊನೆಯ ಧೈರ್ಯವೂ ಇದೆ. ಆದರೆ ವೀರನನ್ನು ತಡೆದು ಕೇಳುವವರು ಇಲ್ಲ, ಆದ್ದರಿಂದ ವ್ಯಂಗ್ಯ ಉಡುಪಿನ ಮೇಲೆಯೇ ನಿಲ್ಲುತ್ತದೆ. ಇದಕ್ಕೆ ವ್ಯತಿರಿಕ್ತವಾದದ್ದು ನಾಸಿಕ್ ಜಿಲ್ಲೆಯ ಮಾಲೆಗಾಂವ್. ಅಲ್ಲಿ ನಾಸಿರ್ ಶೇಖ್ ಊರವರನ್ನೇ ಕೂಡಿಸಿಕೊಂಡು ಸೂಪರ್‌ಮ್ಯಾನ್ ಚಿತ್ರ ತೆಗೆದರು, ಆ ತೆಗೆಯುವಿಕೆಯನ್ನು ಫೈಜಾ ಅಹ್ಮದ್ ಖಾನ್ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟರು. ಸೂಪರ್‌ಮ್ಯಾನ್ ಆದವನು ವಿದ್ಯುತ್ ಮಗ್ಗದ ಕೃಶಕಾಯದ ಕೆಲಸಗಾರ ಶಫೀಕ್. ಖಳನ ಹುಚ್ಚು ತಂಬಾಕು ಮತ್ತು ಹೊಲಸು. ಲೋಕದ ಅತಿ ಬಲಶಾಲಿಯನ್ನು ತಮ್ಮೂರಿನ ಗಟಾರದ ಮುಂದೆ ನಿಲ್ಲಿಸಿ ‘ಇದಕ್ಕೇನು ಮಾಡುತ್ತೀ’ ಎಂದು ಕೇಳಿದ ಆ ಚಿತ್ರ, ಯಾವ ದೊಡ್ಡಾಟವನ್ನೂ ಕಾಣದೆಯೇ, ಸಾರಥಿಯ ಕೆಲಸವನ್ನು ಪೂರ್ತಿ ಮಾಡಿದೆ.

ಹಾಗಾದರೆ ಇಂದು ಕನ್ನಡ ಸಿನಿಮಾದಲ್ಲಿ ಆ ಕೆಲಸ ಮಾಡುವವರು ಯಾರು? 2018 ಮತ್ತು 2022ರ ‘ಕೆ.ಜಿ.ಎಫ್.’ ಭಾಗಗಳನ್ನು ಗಮನಿಸಿ. ನಾಯಕ ರಂಗಕ್ಕೆ ಬರುವ ಮೊದಲೇ ಅವನ ಮಹಿಮೆಯನ್ನು ಹೇಳಲು ಕಥೆಗಾರರು ಸಿದ್ಧರಾಗಿ ಕುಳಿತಿದ್ದಾರೆ. ಹಿಂದೆ ಪ್ರಶ್ನೆ ಇದ್ದ ಜಾಗದಲ್ಲಿ ಈಗ ಪರಾಕು ಇದೆ. ಆ ಚಿತ್ರಗಳ ಕಸುಬುಗಾರಿಕೆ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಳುವವನಿಲ್ಲದ ವೀರನನ್ನು ನಮ್ಮ ರಂಗ ಹಿಂದೆಂದೂ ಒಪ್ಪಿರಲಿಲ್ಲ ಎಂಬುದನ್ನು ವಿಮರ್ಶೆ ಗುರುತಿಸಬೇಕು. ಗುರುತಿಸಲು ಅಡ್ಡಿಯಾಗಿರುವುದು ನಮ್ಮದೇ ದಾಖಲೆಯ ಕ್ರಮ. ಆಟದ ಪದ್ಯಗಳು ಹಾಳೆಯ ಮೇಲೆ ಉಳಿದು ಅಚ್ಚಿಗೂ ಬಂದವು. ಸಾರಥಿಯ ಮಾತು ಆಶುವಾದ್ದರಿಂದ ರಾತ್ರಿಯ ಜೊತೆಗೇ ಹೋಯಿತು, ಉಳಿದ ಪ್ರತಿಗಳಲ್ಲಿ ಬಹುತೇಕ ಸಿಗುವುದಿಲ್ಲ. ಪ್ರತಿಯನ್ನಷ್ಟೇ ಓದಿದ ವಿದ್ವಾಂಸರಿಗೆ ಅವನು ಉಪಕಥೆಯಾಗಿ ಕಂಡದ್ದು ಇದರಿಂದಲೇ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಸಾರಥಿಯ ಪಾತ್ರ ಮಾಡಿದ ಹಿರಿಯರು ಇರುವಾಗಲೇ ಅವರ ಮಾತನ್ನು, ವೀರನ ಪದ್ಯದ ಜೊತೆಗೆ, ಇಡೀ ರಾತ್ರಿಯ ಆಟವಾಗಿ ಧ್ವನಿಮುದ್ರಿಸಿಡಬೇಕು. ಈ ದತ್ತಿಯ ಮುಂದಿನ ವರ್ಷಗಳ ಕೆಲಸ ಅದೇ ಆಗಲಿ ಎಂದು ದತ್ತಿ ಇಟ್ಟ ಮನೆತನವನ್ನು ವಿನಯದಿಂದ ಕೇಳಿಕೊಳ್ಳುತ್ತೇನೆ.