ದಾವಣಗೆರೆಗೆ ಹೊಸದಾಗಿ ಬಂದವರೊಡನೆ ನಾಲ್ಕು ಮಾತು
(ದುಡಿಯುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಜಗಳೂರಿನ ಕಡೆಯಿಂದ, ಹರಪನಹಳ್ಳಿಯ ಕಡೆಯಿಂದ, ಇನ್ನೂ ದೂರದ ಕೊಪ್ಪಳ ರಾಯಚೂರುಗಳ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ನೀವು ಈ ಊರಿಗೆ ಬಂದಿದ್ದೀರಿ. ನಮ್ಮಲ್ಲಿ ಬಹಳ ಮಂದಿಯ ತಂದೆ ತಾತಂದಿರೂ ಹೀಗೆಯೇ ಬಂದವರು. 1930ರ ದಶಕದಲ್ಲಿ ಇಲ್ಲಿ ಹತ್ತಿಗಿರಣಿ ಎದ್ದಿತು. ಒಂದರ ಹಿಂದೆ ಒಂದು ಬಂದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೂ ಬಂತು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಹೆಸರು ಮಾತ್ರ ಉಳಿಯಿತು. ಇಂದು ಬರುವವನಿಗೆ ಸಿಗುವುದು ಕೃಷಿ ಮಾರುಕಟ್ಟೆಯ ಹಮಾಲಿ ಕೆಲಸ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಕಟ್ಟಡದ ಗಾರೆ ಕೆಲಸ, ಇಲ್ಲವೇ ಒಂದು ತಳ್ಳುಗಾಡಿ.

ಬೆಣ್ಣೆದೋಸೆ ಎಲ್ಲಿ ಚೆನ್ನಾಗಿದೆ ಎಂದು ಹೇಳುವವರು ನೂರು ಮಂದಿ ಸಿಗುತ್ತಾರೆ. ಬಾಡಿಗೆಯ ಕರಾರು ಹೇಗೆ ಬರೆಸಬೇಕು ಎಂದು ಹೇಳುವವರು ಸಿಗುವುದಿಲ್ಲ. ಆದುದರಿಂದ ನಾವು ಅದನ್ನೇ ಮೊದಲು ಹೇಳುತ್ತೇವೆ.

ಹೊಸಬನಿಗೆ ಮೊದಲು ಬೇಕಾದದ್ದು ಕೂಲಿ ಎಂದು ಎಲ್ಲರೂ ತಿಳಿಯುತ್ತಾರೆ. ಕೂಲಿ ಹೇಗೋ ಸಿಗುತ್ತದೆ. ಸಿಗದೇ ಹೋಗುವುದು ಸ್ವಂತ ಹೆಸರಿನ ವಿಳಾಸ. ಮೇಸ್ತ್ರಿಯೇ ಕರೆತಂದ, ಮೇಸ್ತ್ರಿಯೇ ಮುಂಗಡ ಕೊಟ್ಟ, ಮೇಸ್ತ್ರಿಯೇ ಶೆಡ್ಡಿನಲ್ಲಿ ಜಾಗ ಕೊಟ್ಟ. ಇನ್ನೇನು ಚಿಂತೆ ಎಂದು ನೀವು ಕೇಳಬಹುದು. ಚಿಂತೆ ಇರುವುದು ಅಲ್ಲಿಯೇ. ಕೆಲಸ, ಸಾಲ, ಸೂರು ಮೂರೂ ಒಬ್ಬನ ಕೈಯಲ್ಲಿದ್ದರೆ, ಕೂಲಿ ಹೆಚ್ಚಿಸು ಎಂದು ಬಾಯಿ ತೆರೆದ ದಿನವೇ ಹೆಂಡತಿ ಮಕ್ಕಳೂ ಬೀದಿಗೆ ಬೀಳುತ್ತಾರೆ.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಗಿರಣಿ ನಡೆಯುತ್ತಿದ್ದಾಗ ನಾವು ಗಿರಣಿಯವರ ಸಾಲು ಮನೆಗಳಲ್ಲಿದ್ದೆವು. ರೇಷನ್ ಚೀಟಿಯ ಮೇಲೆ ಗಿರಣಿಯ ಹೆಸರು, ಮಕ್ಕಳ ಶಾಲೆಯ ದಾಖಲೆಯಲ್ಲಿ ಗಿರಣಿಯ ಹೆಸರು, ಊರಿಗೆ ಕಾಗದ ಬರೆದರೂ ಅದೇ ಹೆಸರು. ಗೇಟಿಗೆ ಬೀಗ ಬಿದ್ದಾಗ ಕೆಲಸ ಹೋಯಿತು ಎಂದು ಅತ್ತೆವು. ವಿಳಾಸವೂ ಹೋಯಿತೆಂಬುದು ತಿಳಿದದ್ದು ಕಚೇರಿಯ ಕಟ್ಟೆ ಹತ್ತಿದ ಮೇಲೆ. ಬಾಕಿ ಹಣದ ಅರ್ಜಿಗೆ ಎಲ್ಲಿ ವಾಸ ಎಂದು ಕೇಳಿದರು. ಇಪ್ಪತ್ತು ವರ್ಷ ಒಂದೇ ಬಾಗಿಲಲ್ಲಿ ಇದ್ದವರಿಗೆ ಉತ್ತರ ಇರಲಿಲ್ಲ. ಆ ಅರ್ಜಿಗಳು ಎಷ್ಟು ದಿನ ಅಲೆದಾಡಿದವು ಎಂಬುದನ್ನು ಇಲ್ಲಿ ಕುಳಿತಿರುವ ಹಿರಿಯರನ್ನು ಕೇಳಿ, ಅವರು ಹೇಳುತ್ತಾರೆ.

ಆದುದರಿಂದ ಕೋಣೆ ಎಷ್ಟೇ ಸಣ್ಣದಿರಲಿ, ಕರಾರು ಕಾಗದದ ಮೇಲೆ ಇರಲಿ, ನಿಮ್ಮ ಹೆಸರಿನಲ್ಲಿ ಇರಲಿ. ಹನ್ನೊಂದು ತಿಂಗಳ ಕರಾರು ಏಕೆ ಎಂದು ಕೆಲವರು ಸಂಶಯಪಡುತ್ತಾರೆ. ಒಂದು ವರ್ಷ ಮೀರಿದ ಗೇಣಿಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಈ ಪದ್ಧತಿ, ಅಷ್ಟೆ. ಮುಂಗಡ ಎಷ್ಟು ಕೊಟ್ಟಿರೆಂಬುದು ಅದರಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರಬೇಕು. ತಿಂಗಳ ಬಾಡಿಗೆಗೆ ರಸೀದಿ ಕೇಳಿ. ಮಾಲೀಕ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಇಲ್ಲಿಯ ಮಾಲೀಕರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ, ಎಷ್ಟೋ ಮಂದಿ ತಾವೇ ನಿನ್ನೆ ಬಾಡಿಗೆದಾರರಾಗಿದ್ದವರು.

ಕೋಣೆ ಹಿಡಿಯುವ ಮುನ್ನ ನೀರಿನ ಮಾತು ಕೇಳಲು ಮರೆಯಬೇಡಿ. ಈ ಊರು ಕುಡಿಯುವುದು ಭದ್ರಾ ನಾಲೆಯ ನೀರನ್ನು, ರಾಜನಹಳ್ಳಿಯಿಂದ ಎತ್ತಿದ ತುಂಗಭದ್ರೆಯ ನೀರನ್ನು. ನಾಲೆ ನಿಂತಾಗ ಕುಂದವಾಡ ಕೆರೆಯಲ್ಲಿ ತುಂಬಿಟ್ಟದ್ದೇ ಗತಿ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮಾಲೀಕನನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ.

ಕರಾರು ಕೈಗೆ ಬಂದ ಮೇಲೆ ಮತದಾರರ ಪಟ್ಟಿ. ಹೊಸದಾಗಿ ಸೇರುವವರಿಗೆ 6ನೆಯ ನಮೂನೆ. ಬೇರೆ ಊರಿನಲ್ಲಿ ಹೆಸರಿದ್ದು ಇಲ್ಲಿಗೆ ಬದಲಾಯಿಸುವವರಿಗೆ 8ನೆಯ ನಮೂನೆ. ಕರಾರೇ ಇಲ್ಲ, ಗಾಡಿಯ ಪಕ್ಕದಲ್ಲೇ ಮಲಗುತ್ತೇವೆ ಎನ್ನುವವರು ನಿಮ್ಮಲ್ಲಿ ಇರಬಹುದು. ಮನೆಯಿಲ್ಲದವನ ಹೆಸರನ್ನೂ ಸೇರಿಸಲು ಚುನಾವಣಾ ಆಯೋಗ ದಾರಿ ಇಟ್ಟಿದೆ: ಮತಗಟ್ಟೆಯ ಅಧಿಕಾರಿ ರಾತ್ರಿ ಬಂದು, ಇವನು ಇಲ್ಲಿಯೇ ಮಲಗುತ್ತಾನೆಂದು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಓಟು ಯಾರಿಗೆ ಎಂದು ನಾವು ಇಲ್ಲಿ ಹೇಳಲು ಬಂದಿಲ್ಲ. ಪಟ್ಟಿಯಲ್ಲಿ ಇಲ್ಲದವರ ಬೀದಿಗೆ ಚರಂಡಿ ಕೇಳಲು ಹೋದರೆ ಯಾವ ಕಾರ್ಪೊರೇಟರೂ ಕುರ್ಚಿ ಬಿಟ್ಟು ಏಳುವುದಿಲ್ಲ, ಅದನ್ನು ನೋಡಿದ್ದೇವೆ.

ರೇಷನ್ನಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಹರಪನಹಳ್ಳಿ 1997ರಿಂದ 2018ರವರೆಗೆ ನಮ್ಮ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಸೇರಿತು, 2021ರಿಂದ ವಿಜಯನಗರಕ್ಕೆ ಸೇರಿದೆ. ಜಿಲ್ಲೆ ಬೇರೆಯಾಯಿತು, ಚೀಟಿ ಇಲ್ಲಿ ನಡೆಯದು ಎಂದು ಅಲ್ಲಿಯವರು ತಿಂಗಳಿಗೊಮ್ಮೆ ಬಸ್ಸಿನ ದುಡ್ಡು ಕೊಟ್ಟು ಅಕ್ಕಿಗೆ ಊರಿಗೆ ಹೋಗುವುದನ್ನು ನೋಡಿದ್ದೇವೆ. ಹಾಗೆ ಹೋಗಬೇಕಾಗಿಲ್ಲ. ಬೇರೆ ಊರಿನ ಚೀಟಿಗೂ ಹೆಬ್ಬೆಟ್ಟು ಒತ್ತಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು.

ಮಕ್ಕಳ ಶಾಲೆ. ಕೊಪ್ಪಳದ ಕಡೆಯ ಒಬ್ಬ ತಾಯಿ, ಸೊಪ್ಪು ಮಾರುವವಳು, ಮಗಳನ್ನು ಕರೆದುಕೊಂಡು ಹೋದಳು. ವರ್ಗಾವಣೆ ಪತ್ರ ತಾ ಎಂದು ಶಾಲೆಯವರು ಹಿಂದಕ್ಕೆ ಕಳುಹಿಸಿದರು. ಹುಡುಗಿ ಎರಡು ತಿಂಗಳು ತಾಯಿಯ ಪಕ್ಕದಲ್ಲಿ ಕೂತು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 5ನೆಯ ಕಲಮು, ಆ ಪತ್ರ ತಡವಾಯಿತೆಂದು ಮಗುವನ್ನು ಹೊರಗಿಡಕೂಡದು ಎಂದು ಹೇಳುತ್ತದೆ. ನಮ್ಮಲ್ಲಿ ನಾಲ್ವರು ಆ ಕಲಮನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆವು. ಗಲಾಟೆ ಏನೂ ಆಗಲಿಲ್ಲ. ಮರುದಿನ ಹುಡುಗಿ ತರಗತಿಯಲ್ಲಿ ಕೂತಳು.

ಗಾಡಿ ಇಡುವವರಿಗೆ ಎರಡು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ, ಸಮೀಕ್ಷೆ ಮುಗಿದು ಚೀಟಿ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಸಮೀಕ್ಷೆಯವರು ಬಂದ ದಿನ ಗಾಡಿ ಬಿಟ್ಟು ಹೋಗಬೇಡಿ. ಇನ್ನೊಂದು, ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವವನ ಹತ್ತಿರ ಹೋಗಬೇಡಿ. ನೂರಕ್ಕೆ ಎಷ್ಟಾಯಿತು ಎಂದು ರಾತ್ರಿ ಲೆಕ್ಕ ಹಾಕಿ ನೋಡಿ. ಅತಿ ಬಡ್ಡಿ ವಸೂಲಿಯ ವಿರುದ್ಧ 2004ರಿಂದ ಈ ರಾಜ್ಯದಲ್ಲಿ ಕಾಯಿದೆ ಇದೆ. ಆದರೆ ಹೆದರಿದ ಸಾಲಗಾರ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಹತ್ತುವಾಗ ಒಬ್ಬರೇ ಹೋಗಬೇಡಿ, ನಮ್ಮನ್ನು ಕರೆಯಿರಿ.

ನಮ್ಮ ಜಾತಿಯವರು ಇದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂದು ನಂಬಿ ಬಂದವರೂ ನಿಮ್ಮಲ್ಲಿದ್ದೀರಿ. ಮೊದಲ ವಾರ ಅವರು ಅನ್ನ ಹಾಕುತ್ತಾರೆ, ಅದು ದೊಡ್ಡ ಉಪಕಾರವೇ. ಆದರೆ ಮಧ್ಯರಾತ್ರಿ ಮಗುವಿಗೆ ಜ್ವರ ಬಂದರೆ ಚಿಗಟೇರಿ ಆಸ್ಪತ್ರೆಗೆ ಆಟೋ ತರುವವನು ಪಕ್ಕದ ಬಾಗಿಲಿನವನು. ಅವನ ಜಾತಿ ಯಾವುದಾದರೂ ಇರಲಿ, ಹೋದ ದಿನವೇ ಹೆಸರು ಕೇಳಿ ಪರಿಚಯ ಮಾಡಿಕೊಳ್ಳಿ.

ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲು ತೆರೆದಿರುತ್ತದೆ. ಕರಾರು ಇದ್ದವರು ಅದರ ಪ್ರತಿ ತನ್ನಿ. ಇಲ್ಲದವರು ಬರಿಗೈಯಲ್ಲಿ ಬನ್ನಿ, ಅರ್ಜಿ ಬರೆದುಕೊಡುವವರು ಇದ್ದಾರೆ. ಕಾಗದ, ಪೆನ್ನು ನಮ್ಮದೇ.