ಎಲೆಯ ಮುಂದೆ ಕುಳಿತಾಗ
(ಮುಂಬಯಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಪಂಪ, ರನ್ನ, ಬಸವಣ್ಣ ಮೊದಲಾದವರ ವಿಷಯವಾಗಿ ವಿದ್ವಾಂಸರು ಮಾತನಾಡಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು. ಬಿ.ಕಾಂ. ಪರೀಕ್ಷೆಗೆ ಓದಿದ್ದು ಜಮಾಖರ್ಚಿನ ಶಾಸ್ತ್ರ. ಹೊಟ್ಟೆ ಹೊರೆಯುತ್ತಿರುವುದೂ ಅದರಿಂದಲೇ. 'ಈ ಸಲ ನೀವೂ ಹತ್ತು ನಿಮಿಷ ಮಾತನಾಡಲೇಬೇಕು' ಎಂದು ಕಾರ್ಯದರ್ಶಿಗಳು ಹಿಡಿದುಕೊಂಡಾಗ, ಅಧಿಕಾರದಿಂದ ಮಾತನಾಡಬಹುದಾದ ವಿಷಯ ನಮಗೆ ಯಾವುದಿದೆ ಎಂದು ಯೋಚಿಸಿದೆವು. ಒಂದೇ ಒಂದು ಹೊಳೆಯಿತು: ಹೋಟೆಲಿನ ಊಟ. ಹನ್ನೊಂದು ವರ್ಷಗಳಿಂದ ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಉಂಡಿದ್ದೇವೆ. ಆದುದರಿಂದ ಅದನ್ನೇ ತಮ್ಮ ಮುಂದೆ ಬಡಿಸುತ್ತೇವೆ. ಉಪ್ಪು ಖಾರ ಹೆಚ್ಚು ಕಡಿಮೆಯಾದರೆ ಕ್ಷಮಿಸಬೇಕು.

ನಾವು ಎಂದರೆ ಒಂದೇ ಬ್ಯಾಂಕಿನ ನಾಲ್ವರು. ಒಬ್ಬರದು ಧಾರವಾಡದ ಕಡೆ, ಒಬ್ಬರದು ಹಾಸನ, ಇಬ್ಬರದು ಘಟ್ಟದ ಕೆಳಗೆ. ಒಬ್ಬರಿಗೆ ಹುಳಿ ಆದದ್ದು ಇನ್ನೊಬ್ಬರಿಗೆ ಕೊದ್ದೆಲ್, ಮತ್ತೊಬ್ಬರಿಗೆ ಸಾಂಬಾರು. ಯಾವುದು ಶುದ್ಧ ಕನ್ನಡ ಎಂಬ ವಾದ ರೈಲಿನಲ್ಲಿ ದಾದರಿನವರೆಗೂ ನಡೆಯುವುದುಂಟು. ಎಲೆ ಹಾಕಿದೊಡನೆ ಮಾತ್ರ ವಾದ ಮುಗಿಯುತ್ತದೆ.

ಮುಂಬಯಿಗೆ ಬಂದ ಮೊದಲ ಭಾನುವಾರವೇ ಹಿರಿಯ ಸಹೋದ್ಯೋಗಿಯೊಬ್ಬರು ನಮ್ಮನ್ನು ಮಾಟುಂಗಕ್ಕೆ ಕರೆದೊಯ್ದರು. ಅಲ್ಲಿ ರೈಲು ನಿಲ್ದಾಣದ ಹತ್ತಿರ, ಮಾರುಕಟ್ಟೆಯ ಕಟ್ಟಡದ ಮೊದಲನೆಯ ಮಹಡಿಯಲ್ಲಿ, ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಇದೆ. ಸರದಿಗಾಗಿ ಕಾಯುವ ಬೆಂಚಿನ ಮೇಲೆ ಕುಳಿತಿದ್ದಾಗಲೇ ಸಾರಿನ ಒಗ್ಗರಣೆಯ ಪರಿಮಳ ಮೂಗಿಗೆ ಬಂತು. ಊರು ಬಿಟ್ಟು ಆರೇ ದಿನವಾಗಿತ್ತು. ಆರು ತಿಂಗಳಾದಂತೆ ಎನಿಸಿತು. ಹಾಸನದ ಗೆಳೆಯರು ಅನ್ನಕ್ಕೆ ಸಾರನ್ನು ಮೂರು ಸಲ ಹಾಕಿಸಿಕೊಂಡು ನಾಲ್ಕನೆಯ ಸಲ ಕೇಳಲು ನಾಚಿ ಸುಮ್ಮನಾದರು. ಬಡಿಸುವವರು ಅವರ ಮುಖ ನೋಡಿ, ಏನೂ ಹೇಳದೆ ಸೌಟು ಬಗ್ಗಿಸಿದರು. ಊಟದ ಬೆಲೆಯ ಲೆಕ್ಕ ಚೀಟಿಯಲ್ಲಿತ್ತು. ಆ ನಾಲ್ಕನೆಯ ಸೌಟು ಯಾವ ಲೆಕ್ಕಕ್ಕೂ ಸೇರಿದ್ದಲ್ಲ.

ಇಂತಹ ಹೋಟೆಲುಗಳನ್ನು ಕಟ್ಟಿದವರ ಊರು ಬಹುಮಟ್ಟಿಗೆ ಒಂದೇ ಸೀಮೆಯದು. ದಕ್ಷಿಣ ಕನ್ನಡ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿಗೆ ಸೇರಿತ್ತು. ಬದುಕು ಅರಸಿಕೊಂಡು ಅಲ್ಲಿಯ ಹುಡುಗರು ಕೆಲವರು ಮದರಾಸಿನತ್ತ, ಕೆಲವರು ಮುಂಬಯಿಯತ್ತ ಹೊರಟರು. ಮದರಾಸಿನಲ್ಲಿ ಕಡಂದಲೆ ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಇನ್ನೊಂದು ಸಂಗತಿ ನಮ್ಮ ಕಸುಬಿಗೆ ಸೇರಿದ್ದು. ಅದೇ ಸೀಮೆಯಲ್ಲೇ ಬ್ಯಾಂಕುಗಳೂ ಹುಟ್ಟಿದವು: 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಎನಿಸಿದ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ತಂದು ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿನಿಂದ ಸಂಗ್ರಹಿಸಿದರು. ಬಡವನ ಹಸಿವಿಗೆ ಅಡಿಗೆಮನೆ, ಬಡವನ ಉಳಿತಾಯಕ್ಕೆ ಪಾಸುಪುಸ್ತಕ, ಇವೆರಡನ್ನೂ ಒಂದೇ ಮಣ್ಣು ಕೊಟ್ಟಿತು. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದುವು. ಈ ಮಾತನ್ನು ತಾವು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ದಿನದ ಊಟದ ವಿಷಯ. ಕೋಟೆ ಪ್ರದೇಶದಲ್ಲಿ ನಮ್ಮ ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಉಡುಪಿ ಹೋಟೆಲು. ಮಧ್ಯಾಹ್ನದ ಬಿಡುವು ಅರ್ಧ ಗಂಟೆ. ಅದರಲ್ಲಿ ಹೋಗಿ, ಉಂಡು, ಕೈ ತೊಳೆದು ಬರಬೇಕು. ನಮ್ಮ ಮೇಜಿಗೆ ಬಡಿಸುತ್ತಿದ್ದವರು ಐವತ್ತು ದಾಟಿದ ಒಬ್ಬರು. 'ಚಾರ್ ಥಾಲಿ, ಜಲ್ದೀ' ಎನ್ನುವೆವು. 'ಹಾಂ ಸಾಬ್' ಎನ್ನುವರು. ಒಂಬತ್ತು ವರ್ಷ ಹೀಗೆಯೇ ನಡೆಯಿತು. ನಾಲ್ವರಲ್ಲಿ ಯಾರಿಗೆ ಮೊಸರು ಬೇಡ, ಯಾರಿಗೆ ಉಪ್ಪಿನಕಾಯಿ ಹೆಚ್ಚು ಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಅವರ ಹೆಸರೇನೆಂದು ನಮಗೆ ತಿಳಿದಿರಲಿಲ್ಲ. ಎಲೆಗಳ ನಡುವೆ ಕುಳಿತು ನಾವು ಮಾತನಾಡುತ್ತಿದ್ದುದು ಏನು? ಒಬ್ಬರು ಬಂಗಾಲಿ ಮ್ಯಾನೇಜರು, ಇನ್ನೊಬ್ಬರು ಗುಜರಾತಿ ಅಧಿಕಾರಿ ಜೊತೆಗಿರುತ್ತಿದ್ದುದರಿಂದ ಎಲ್ಲವೂ ಹಿಂದಿಯಲ್ಲೇ. ಅದರಲ್ಲೂ ಎಷ್ಟೋ ಸಲ ನಮ್ಮ ವಿಷಯ, ಮುಂಬಯಿಯಲ್ಲಿ ಕನ್ನಡ ಕ್ಷೀಣಿಸುತ್ತಿದೆ ಎಂಬುದೇ!

ಕಳೆದ ವರ್ಷ ಗಣೇಶ ಚತುರ್ಥಿಯ ಹಿಂದಿನ ದಿನ ನಮ್ಮಲ್ಲೊಬ್ಬರಿಗೆ ಊಟದ ನಡುವೆ ತಾಯಿಯ ಫೋನು ಬಂತು. 'ಇಲ್ಲಮ್ಮ, ಈ ಸಲ ರಜೆ ಸಿಗಲಿಲ್ಲ. ಮೋದಕ ಕಳಿಸಬೇಡ, ಹಾಳಾಗ್ತದೆ' ಎಂದರು. ಹುಳಿಯ ಬಕೆಟ್ಟು ಹಿಡಿದು ಬರುತ್ತಿದ್ದವರು ಅಲ್ಲೇ ನಿಂತುಬಿಟ್ಟರು.

'ನೀವು ನಮ್ಮವರಾ ಮಾರಾಯ್ರೆ?' ಎಂದರು.

'ನಿಮ್ಮದು ಯಾವ ಊರು?' ಎಂದೆವು.

'ಬೈಂದೂರ್ ಬದಿ. ಇಷ್ಟು ವರ್ಷ ಉಣ್ಣಲಿಕ್ಕೆ ಬಂದ್ರಿ, ಒಂದು ದಿನವೂ ಬಾಯಿ ಬಿಡಲಿಲ್ಲ ಅಲ್ಲ!'

ತಲೆ ಎತ್ತಲಾಗಲಿಲ್ಲ. ಅವರು ಹದಿನಾಲ್ಕನೆಯ ವಯಸ್ಸಿಗೆ ಪಾತ್ರೆ ತೊಳೆಯಲು ಬಂದವರು; ರಾತ್ರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಓದಿದವರು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು. ಮರುದಿನ ಹಬ್ಬ. ಅದರ ಮರುದಿನ, ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಾಸುಪುಸ್ತಕವೊಂದನ್ನು ನಮ್ಮ ಮೇಜಿನ ಮೇಲಿಟ್ಟರು. ಆಗ ಹೇಳಿದೆನಲ್ಲ, ವಿಲೀನವಾದ ಆ ಬ್ಯಾಂಕುಗಳಲ್ಲಿ ಒಂದರದು. ಮಗಳ ಮದುವೆಗೆಂದು ಕೂಡಿಟ್ಟ ಹಣ. 'ಹಳೆ ಬೋರ್ಡು ಇಲ್ಲ. ಬ್ಯಾಂಕೇ ಹೋಯ್ತಂತೆ. ದುಡ್ಡೂ ಹೋಯ್ತು ಅಂತ ಸುಮ್ಮನಾದೆ. ಯಾರ ಹತ್ತಿರ ಕೇಳುವುದು?' ಎಂದರು.

ಯಾರ ಹತ್ತಿರ ಕೇಳುವುದು! ದಿನವೂ ನಾಲ್ವರು ಬ್ಯಾಂಕ್ ಗುಮಾಸ್ತರು ಅವರ ಕೈಯನ್ನವನ್ನೇ ಉಣ್ಣುತ್ತಿದ್ದರು.

ಸಭಿಕರಲ್ಲಿ ಇಂತಹವರ ನೆಂಟರೋ ನೆರೆಯವರೋ ಇರಬಹುದು. ಆದುದರಿಂದ ನಿಯಮವನ್ನು ಹೇಳಿಬಿಡುತ್ತೇವೆ. ಬ್ಯಾಂಕು ವಿಲೀನವಾದರೆ ಠೇವಣಿ ಹೋಗುವುದಿಲ್ಲ, ಹೊಸ ಬ್ಯಾಂಕಿಗೆ ವರ್ಗವಾಗುತ್ತದೆ. ಎರಡು ವರ್ಷಕ್ಕೆ ಮೀರಿ ವ್ಯವಹಾರವಿಲ್ಲದ ಉಳಿತಾಯ ಖಾತೆ ನಿಷ್ಕ್ರಿಯವೆನಿಸುತ್ತದೆ. ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ. ಹತ್ತು ವರ್ಷ ಮುಟ್ಟದಿದ್ದ ಹಣವು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ನಿಧಿಗೆ ಹೋಗುತ್ತದೆ. ಆಗಲೂ ಠೇವಣಿದಾರನ ಹಕ್ಕು ಅಳಿಯುವುದಿಲ್ಲ, ತನ್ನ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಷ್ಟನ್ನು ಕನ್ನಡದಲ್ಲಿ ತಿಳಿಸಲು ನಮಗೆ ಹಿಡಿದದ್ದು ಒಂದು ಲೋಟ ಕಾಫಿಯ ಹೊತ್ತು. ಅರ್ಜಿ ತುಂಬಿ, ಶನಿವಾರ ಒಬ್ಬರು ಜೊತೆಗೆ ಹೋಗಿ ಬಂದರು. ಅವರು ಊರಿಗೆ ಹೊರಡುವ ಮೊದಲು ಖಾತೆ ಜೀವ ಪಡೆಯಿತು. ಹಣ ಬಹಳವೇನಲ್ಲ, ಆದರೆ ಅವರ ಪಾಲಿಗೆ ಅದು ಒಂದು ಮದುವೆ.

ನಮ್ಮ ಕಸುಬಿನಲ್ಲಿ ಸಸ್ಪೆನ್ಸ್ ಖಾತೆ ಎಂದೊಂದುಂಟು. ಯಾವ ತಲೆಬರಹಕ್ಕೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ಅದರಲ್ಲಿಟ್ಟು, ಆಮೇಲೆ ಸರಿಯಾದ ಜಾಗಕ್ಕೆ ಹಾಕಬೇಕು. ಒಂಬತ್ತು ವರ್ಷ ಆ ಮನುಷ್ಯರನ್ನು ನಾವು ಸಸ್ಪೆನ್ಸಿನಲ್ಲೇ ಇಟ್ಟಿದ್ದೆವು. ತಪ್ಪು ನಮ್ಮದು.

ಕಳೆದ ಶತಮಾನದಲ್ಲಿ ಈ ನಗರದ ಕನ್ನಡ ಸಂಸ್ಥೆಗಳು ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲೆಲ್ಲ ಮೇಜು ಒರೆಸಿದ ಕೈಗಳು ರಾತ್ರಿ ಬಳಪ ಹಿಡಿದವು. ಹಾಗೆ ಓದಿ ಮುಂದೆ ಬಂದ ಹಿರಿಯರು ಈ ಸಭೆಯಲ್ಲೂ ಇರಬಹುದು. ಅವರಿಗೆ ನಮ್ಮ ನಮಸ್ಕಾರ. ಅಂದಿನವರು ಅಷ್ಟು ಮಾಡಿದರು. ನಾವು ಇಷ್ಟಾದರೂ ಮಾಡೋಣ. ತಿಂಗಳಿಗೊಂದು ಭಾನುವಾರ ಸಂಘದ ಕೊಠಡಿಯಲ್ಲಿ ಒಂದು ಮೇಜು ಹಾಕಿ ಕುಳಿತು, ಬ್ಯಾಂಕು, ವಿಮೆ, ಪಿಂಚಣಿಗಳ ಕಾಗದಗಳನ್ನು ಓದಿ ಕನ್ನಡದಲ್ಲಿ ತಿಳಿಸೋಣ. ನಾಲ್ಕು ಕುರ್ಚಿಗಳಿಗೆ ನಾವು ನಾಲ್ವರು ಹೆಸರು ಕೊಟ್ಟಿದ್ದೇವೆ.

ಇನ್ನೊಂದು ಮಾತು. ನಮ್ಮ ಮೇಜಿಗೆ ಈಗ ಬಡಿಸುವವನು ಒಡಿಶಾದ ಹುಡುಗ. ಮೊದಲ ದಿನವೇ ಹೆಸರು, ಊರು ಕೇಳಿದೆವು. ಅವನಿಗೆ ಕನ್ನಡ ಬಾರದು. ಅದಕ್ಕೇನು, ಹಿಂದೆ ನಮ್ಮೂರಿನಿಂದ ಬಂದ ಹುಡುಗರಿಗೂ ಈ ಊರಿನ ಮಾತು ಬರುತ್ತಿರಲಿಲ್ಲ. ಮೊನ್ನೆ ಅವನೇ ಬಕೆಟ್ಟು ಹಿಡಿದು ಬಂದು, 'ಸ್ವಲ್ಪ ಸಾರು?' ಎಂದ. ಹಾಸನದವರು ಆ ದಿನ ನಾಲ್ಕನೆಯ ಸಲವೂ ಹಾಕಿಸಿಕೊಂಡರು.

ನಾಳೆ ಎಲ್ಲಿ ಉಂಡರೂ ಮೊದಲ ಮಾತನ್ನು ಕನ್ನಡದಲ್ಲಿ ಆಡಿ ನೋಡಿರಿ. ಉತ್ತರ ಬಾರದಿದ್ದರೆ ನಷ್ಟವೇನೂ ಇಲ್ಲ. ಬಂದರೆ, ಬಡಿಸುವ ಕೈಯ ಹಿಂದಿರುವ ಮನುಷ್ಯನ ಊರನ್ನೂ ಹೆಸರನ್ನೂ ಕೇಳಿರಿ.

ಒಳಗೆ ಎಲೆ ಹಾಕಿದ್ದಾರೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.